ಸ್ಪ್ಯಾನಿಷ್ ಹಾರೈಸುವ ಬಗೆ

ಸ್ಪ್ಯಾನಿಷ್ ಕ್ರಿಯಾಪದಕ್ಕೆ ಸುದ್ದಿ ಹೇಳಲು ಒಂದು ರೂಪ, ಮನಸ್ಸಿನ ಆಸೆ, ಸಂತೋಷ, ಅಳುಕುಗಳನ್ನು ಹೇಳಲು ಇನ್ನೊಂದು. ಮೊದಲನೆಯದು ‘ಇಂದಿಕಾತೀಬೊ’, ಎರಡನೆಯದು ‘ಸುಬ್‌ಹುಂತೀಬೊ’. ಎರಡನೆಯದನ್ನು ಕಟ್ಟುವುದು ಬಹುಮಟ್ಟಿಗೆ ಸ್ವರ ಬದಲಿಸುವ ಕೆಲಸ: ‘ಆಬ್ಲಾ’ (ಮಾತಾಡುತ್ತಾಳೆ) ‘ಆಬ್ಲೆ’ ಆಗುತ್ತದೆ, ‘ಕೋಮೆ’ (ತಿನ್ನುತ್ತಾಳೆ) ‘ಕೋಮಾ’ ಆಗುತ್ತದೆ.

ಬಯಸುವವರೇ ಕೆಲಸವನ್ನೂ ಮಾಡುವುದಾದರೆ ಈ ರೂಪ ಬೇಕಿಲ್ಲ. ‘ಕ್ಯೇರೊ ಬೆನೀರ್’ ಎಂದರೆ ನನಗೆ ಬರುವ ಆಸೆ. ನೀನು ಬರಬೇಕೆಂಬುದು ನನ್ನ ಆಸೆಯಾದರೆ ನಡುವೆ ‘ಕೆ’ ಬಂದು ಕ್ರಿಯಾಪದ ಬದಲಾಗುತ್ತದೆ: ‘ಕ್ಯೇರೊ ಕೆ ಬೆಂಗಾಸ್’.

ಕಲಿಯುವವರು ಎಡವುವುದು ಭಾವನೆಗಳ ವಿಷಯದಲ್ಲಿ. ಸುಬ್‌ಹುಂತೀಬೊ ಇರುವುದು ಅನಿಶ್ಚಿತ ಸಂಗತಿಗಳಿಗೆ ಎಂದು ಹಲವರು ಕಲಿತಿರುತ್ತಾರೆ. ಆದರೆ ಎದುರಿಗೇ ನಿಂತವರಿಗೆ ‘ನೀನು ಇಲ್ಲಿರುವುದು ಸಂತೋಷ’ ಎನ್ನುವಾಗಲೂ ‘ಮೆ ಅಲೇಗ್ರೊ ದೆ ಕೆ ಎಸ್ತೇಸ್ ಆಕೀ’ ಎಂದೇ ಹೇಳಬೇಕು. ಸುದ್ದಿಯ ರೂಪವಾದ ‘ಎಸ್ತಾಸ್’ ಇಲ್ಲಿ ಸಲ್ಲದು. ಅವರು ಬಂದಿರುವುದು ಇಬ್ಬರಿಗೂ ಗೊತ್ತೇ ಇದೆ. ವಾಕ್ಯ ಹೊಸದಾಗಿ ತಿಳಿಸುತ್ತಿರುವುದು ಸಂತೋಷವನ್ನು ಮಾತ್ರ. ಈ ಸೂಕ್ಷ್ಮ ಹಿಡಿದವರಿಗೆ ಅರ್ಧ ವ್ಯಾಕರಣ ಒಲಿದಂತೆ.

‘ಸ್ಯೇಂತೊ’ ಎಂಬ ಒಂದೇ ಕ್ರಿಯಾಪದದಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ‘ಸ್ಯೇಂತೊ ಕೆ ಎಸ್ತಾಸ್ ಎನ್‌ಫೆರ್ಮೊ’ ಎಂದರೆ ನಿನಗೆ ಹುಷಾರಿಲ್ಲ ಅಂತ ನನಗೆ ಅನಿಸುತ್ತಿದೆ. ‘ಎಸ್ತಾಸ್’ ಜಾಗದಲ್ಲಿ ‘ಎಸ್ತೇಸ್’ ಇಟ್ಟರೆ, ನಿನಗೆ ಹುಷಾರಿಲ್ಲದ್ದಕ್ಕೆ ನನಗೆ ಬೇಸರವಾಗಿದೆ ಎಂದಾಗುತ್ತದೆ. ಊಹೆಯನ್ನು ಮರುಕವಾಗಿಸಲು ಒಂದು ಸ್ವರ ಸಾಕು.

ದಿನಬಳಕೆಯ ಹಾರೈಕೆಗಳಲ್ಲಿ ‘ಬಯಸುತ್ತೇನೆ’ ಎಂಬ ಭಾಗ ಬಿಟ್ಟೇ ಹೋಗುತ್ತದೆ. ಕಾಯಿಲೆಯಾದವರಿಗೆ ‘ಕೆ ತೆ ಮೆಹೋರೆಸ್’, ಊಟಕ್ಕೆ ಕೂತವರಿಗೆ ‘ಕೆ ಅಪ್ರೊಬೇಚೆ’. ಕನ್ನಡದ ‘ಬೇಗ ಗುಣವಾಗಲಿ’, ‘ಒಳ್ಳೆಯದಾಗಲಿ’ ಎಂಬ ವಿಧ್ಯರ್ಥಕ ರೂಪಗಳು ಇವಕ್ಕೆ ಹತ್ತಿರದವು. ಆದರೆ ಕನ್ನಡದ ‘-ಅಲಿ’ ಹಾರೈಕೆ, ಅಪ್ಪಣೆಗಳಿಗೆ ಒದಗುತ್ತದೆಯೇ ಹೊರತು ಸಂತೋಷ, ಬೇಸರಗಳಿಗಲ್ಲ. ಅಲ್ಲಿ ‘ನೀನು ಬಂದದ್ದು ಸಂತೋಷ’ ಎಂದು ಕೃದಂತವನ್ನೇ ಬಳಸಬೇಕು.

ಹಾರೈಕೆಗೆಂದೇ ಇರುವ ಪದ ‘ಒಹಲಾ’. ಸ್ಪೇನಿನ ಬಹುಭಾಗ ಮುಸ್ಲಿಂ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಅಲ್ಲಿನ ಅರಬ್ಬೀ ಮಾತಿನಿಂದ ಬಂದದ್ದು. ಮೂಲದಲ್ಲಿ ದೇವರ ಇಚ್ಛೆಯನ್ನು ಹೇಳುವ ನುಡಿ. ‘ಒಹಲಾ ಯುವೇಬಾ’ ಎಂದರೆ ಮಳೆ ಬರಲಿ. ಮಳೆಯ ಸೂಚನೆಯೇ ಇಲ್ಲದಾಗ ಭೂತಕಾಲದ ರೂಪ ಬಳಸಿ ‘ಒಹಲಾ ಯೊಬ್ಯೇರಾ’ ಎನ್ನುತ್ತಾರೆ: ಮಳೆ ಬಂದರೆ ಎಷ್ಟು ಚೆನ್ನಾಗಿರುತ್ತಿತ್ತು! ಹೊಸದಾಗಿ ಕಲಿಯುವವರು ಈ ಪದದಿಂದಲೇ ಶುರುಮಾಡುವುದು ಒಳ್ಳೆಯದು. ‘ಒಹಲಾ’ ಬಂತೆಂದರೆ ಮುಂದಿನ ಕ್ರಿಯಾಪದ ಯಾವಾಗಲೂ ಸುಬ್‌ಹುಂತೀಬೊ.