ಲೆಕ್ಕಕ್ಕೆ ಸಿಗದ ಅಲರ್ಜಿಯ ಆಘಾತ

ಹೊಲದಲ್ಲಿ ಜೇನು ಕಡಿದು ಒಬ್ಬರು ತೀರಿಕೊಂಡರೆ ‘ನಂಜು ಏರಿತು’ ಎನ್ನುತ್ತೇವೆ. ಸೂಜಿ ಹಾಕಿಸಿಕೊಂಡು ಕುಸಿದರೆ ‘ಸೂಜಿ ಹಿಡಿಸಲಿಲ್ಲ’ ಎನ್ನುತ್ತೇವೆ. ಊಟವಾದ ಅರ್ಧ ಗಂಟೆಯೊಳಗೆ ಉಸಿರು ಕಟ್ಟಿದರೆ ‘ಎದೆ ನಿಂತಿತು’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಮೂರೂ ಮಾತುಗಳ ಹಿಂದೆ ಒಂದೇ ವ್ಯಾಧಿ ಇರಬಹುದು. ವೈದ್ಯರು ಅದನ್ನು ಅನಾಫಿಲಾಕ್ಸಿಸ್, ಅಂದರೆ ಪ್ರಾಣಾಂತಿಕ ಅಲರ್ಜಿ ಎನ್ನುತ್ತಾರೆ. 1902ರಲ್ಲಿ ಫ್ರಾನ್ಸಿನ ಪೋರ್ಟಿಯೆ ಮತ್ತು ರಿಶೆ ಎಂಬ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಅಂದಿನಿಂದ ಇಂದಿನವರೆಗೂ ಇದನ್ನು ಎಣಿಸುವ ಕೆಲಸ ತೊಡಕಿನದಾಗಿಯೇ ಉಳಿದಿದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆತನಗಳಿಗೆ ಇದು ದೂರದ ವಿಷಯವಲ್ಲ. ತೊಗರಿ, ಕಬ್ಬಿನ ಹೊಲಗಳಲ್ಲಿ ಹೆಜ್ಜೇನೂ ಉಂಟು, ಹಾವೂ ಉಂಟು. ನೂರಾರು ಜೇನು ಒಮ್ಮೆಲೇ ಕಡಿದರೆ ವಿಷವೇ ಕೊಲ್ಲುತ್ತದೆ. ಒಂದೇ ಹುಳು ಕಡಿದು ಪ್ರಾಣ ಹೋದರೆ ಅದು ಅಲರ್ಜಿ. ದಾಖಲೆಯಲ್ಲಿ ಎರಡೂ ‘ಜೇನುಕಡಿತ’ವೆಂದೇ ಬಂದರೆ ಬೇರ್ಪಡಿಸುವುದು ಹೇಗೆ? ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವು ಕುದುರೆಯ ರಕ್ತದಿಂದ ಸಿದ್ಧವಾಗುವುದರಿಂದ ಕೆಲವರಿಗೆ ಅದೇ ಅಲರ್ಜಿ ತರುತ್ತದೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸ್ತುತ್ಯ ಕಾರ್ಯ. ಆದರೆ ಕಡಿತದ ಲೆಕ್ಕ ಬೇರೆ, ಮದ್ದಿನಿಂದಾದ ಆಘಾತದ ಲೆಕ್ಕ ಬೇರೆ.

ವ್ಯಾಧಿಯ ಸ್ವಭಾವವೂ ಎಣಿಕೆಗೆ ವಿರೋಧಿಯೇ. ಮೈಮೇಲೆ ದದ್ದು, ತುಟಿ ಬಾವು, ಉಬ್ಬಸ, ರಕ್ತದೊತ್ತಡದ ಕುಸಿತ ಇದರ ಲಕ್ಷಣಗಳು. ಕೆಲವರಲ್ಲಿ ದದ್ದು ಏಳುವುದೇ ಇಲ್ಲ; ಅಂಥವರನ್ನು ಹೃದ್ರೋಗಿಗಳೆಂದು ಭಾವಿಸುವುದುಂಟು. ಟ್ರಿಪ್ಟೇಸ್ ಎಂಬ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದಾದರೂ ಕೆಲವೇ ತಾಸುಗಳೊಳಗೆ ರಕ್ತ ತೆಗೆಯಬೇಕು. ಭೀಮಾತೀರದ ಹಳ್ಳಿಯಿಂದ ಕಲಬುರಗಿ ಮುಟ್ಟುವಷ್ಟರಲ್ಲಿ ಆ ಸಮಯ ಕಳೆದುಹೋಗಬಹುದು. ರೋಗಿ ದಾರಿಯಲ್ಲೇ ಚೇತರಿಸಿಕೊಂಡರಂತೂ ಆತ ಯಾವ ಪುಸ್ತಕಕ್ಕೂ ಏರುವುದಿಲ್ಲ. ರೋಗವನ್ನು ಗುರುತಿಸುವ ನಿಯಮಗಳು 2006ರಲ್ಲಿ ಒಂದು ರೂಪದಲ್ಲಿ, 2020ರಲ್ಲಿ ಇನ್ನೊಂದು ರೂಪದಲ್ಲಿ ಬಂದವು. ಅಳತೆಗೋಲು ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕರ್ನಾಟಕದಲ್ಲಿಯೇ ನಡೆದ ಒಂದು ದೊಡ್ಡ ಅಧ್ಯಯನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕಾಗಿ 11,791 ವಯಸ್ಕರನ್ನು ವಿಚಾರಿಸಲಾಯಿತು. ಶೇಕಡಾ 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಅಲರ್ಜಿಯ ಗುರುತು ಇತ್ತೆಂದು ಅಂದಾಜಾಯಿತು. ಆಹಾರದ ಅಲರ್ಜಿ ಇರುವ ಸಂಭವವೋ ಶೇಕಡಾ 1.2 ಮಾತ್ರ. ರಕ್ತಪರೀಕ್ಷೆಯ ಚೀಟಿಯೊಂದನ್ನೇ ನಂಬಿ ಮಕ್ಕಳಿಗೆ ಬೇಳೆ, ಶೇಂಗಾ, ಹಾಲು ಬಿಡಿಸುವ ತಾಯಂದಿರು ಈ ಅಂತರವನ್ನು ಗಮನಿಸಬೇಕೆಂದು ವಿನಂತಿಸುತ್ತೇವೆ.

ಎಣಿಕೆ ಅಸಾಧ್ಯವೇನಲ್ಲ. 2021ರಲ್ಲಿ ಕೋವಿಡ್ ಲಸಿಕೆ ಹಾಕಿದಾಗ ಪ್ರತಿಯೊಬ್ಬರನ್ನೂ 30 ನಿಮಿಷ ಕೂಡಿಸಿ ನೋಡಿದರು, ಹಾಕಿದ ಡೋಸುಗಳನ್ನೂ ಲೆಕ್ಕವಿಟ್ಟರು. ಹೀಗಾಗಿಯೇ ಆ ವರ್ಷದ ಮಾರ್ಚಿಯಲ್ಲಿ ಲಸಿಕೆಯ ನಂತರ ತೀರಿಕೊಂಡ 68 ವರ್ಷದ ಹಿರಿಯರೊಬ್ಬರ ಸಾವು ಅನಾಫಿಲಾಕ್ಸಿಸ್‌ನಿಂದಲೇ ಆಯಿತೆಂದು ರಾಷ್ಟ್ರೀಯ ಸಮಿತಿಯು ನಿರ್ಣಯಿಸಲು ಸಾಧ್ಯವಾಯಿತು. ಹೊಲದ ಜೇನಿಗೆ ಅಂಥ ಕಾವಲು ಎಲ್ಲಿಯದು!

ಇದಕ್ಕೆ ಮೊದಲ ಮದ್ದು ಅಡ್ರಿನಾಲಿನ್. ತೊಡೆಯ ಸ್ನಾಯುವಿಗೆ ತಡಮಾಡದೆ ಕೊಡಬೇಕಾದ ಅಗ್ಗದ ಸೂಜಿ ಅದು. ಕೇಸುಗಳೇ ಇಲ್ಲವೆಂದು ಕಾಗದ ಹೇಳಿದರೆ ಅದನ್ನು ಕೇಂದ್ರಗಳಲ್ಲಿ ಸಿದ್ಧವಾಗಿಡಬೇಕೆಂದು ಒತ್ತಾಯಿಸುವವರಾರು? ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಇಂಥ ಆಘಾತವಾಗಿ ಬದುಕಿ ಬಂದರೆ, ಬಿಡುಗಡೆಯ ಚೀಟಿಯಲ್ಲಿ ಕಾರಣವಾದ ಮದ್ದು, ಹುಳು ಅಥವಾ ಆಹಾರದ ಹೆಸರು ಹಾಗೂ ಎಷ್ಟು ನಿಮಿಷದಲ್ಲಿ ಲಕ್ಷಣ ಕಂಡಿತೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿರಿ. ಆ ಚೀಟಿ ರೇಶನ್ ಕಾರ್ಡಿನ ಜೊತೆಯಲ್ಲಿಯೇ ಇರಲಿ.