ಕನ್ನ ಹಾಕಿದವನು ಕಳ್ಳ ಸರಿ, ಕಾವಲಿಗೆ ಇದ್ದವರು ಯಾರು?



ಕಳೆದ ತಿಂಗಳ ಫೋನ್-ಇನ್ ಕಾರ್ಯಕ್ರಮಕ್ಕೆ ಪೆರಂಬೂರಿನಿಂದ ಕರೆ ಮಾಡಿದ್ದ ತಾಯಿಯೊಬ್ಬರ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. "ನಮ್ಮ ಹುಡುಗ ಮೊಬೈಲ್‌ನಲ್ಲಿ ಯಾವುದೋ ಆಟಕ್ಕೆ ಸೇರಿದ್ದ. ಈಗ ಆ ಕಂಪನಿಯಲ್ಲಿದ್ದ ನಮ್ಮ ಹೆಸರು, ಫೋನ್ ನಂಬರು ಎಲ್ಲಾ ಕಳುವಾಗಿದೆಯಂತೆ. ಕಂಪ್ಲೇಂಟ್ ಯಾರ ಮೇಲೆ ಕೊಡೋದು? ಕದ್ದವನ ಮೇಲೋ, ಕಳೆದುಕೊಂಡವರ ಮೇಲೋ?" ಆಗ ಕಾರ್ಯಕ್ರಮ ಮುಗಿಯಲು ಎರಡೇ ನಿಮಿಷ ಉಳಿದಿತ್ತು. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದದ ವಿಚಾರ. ಕನ್ನಡ ಬಿ.ಎ. ಓದಿದವರ ಚಾಳಿ, ಸಹಿಸಿಕೊಳ್ಳಿ. 'ಡೇಟಾ' ಎಂಬುದಕ್ಕೆ ನಾವು 'ದತ್ತಾಂಶ' ಅನ್ನುತ್ತೇವಲ್ಲ, 'ದತ್ತ' ಅಂದರೆ ಕೊಟ್ಟದ್ದು. ಲ್ಯಾಟಿನ್ ಮೂಲದಲ್ಲೂ ಡೇಟಾ ಎಂದರೆ ಕೊಟ್ಟದ್ದು ಎಂದೇ ಅರ್ಥ. ಅಂದರೆ ಅದು ಕಂಪನಿಯ ಸ್ವಂತ ಆಸ್ತಿಯಲ್ಲ, ನೀವು ನಂಬಿ ಕೊಟ್ಟ ಇಡುಗಂಟು. ಇಡುಗಂಟು ಇಟ್ಟುಕೊಂಡವರ ಜವಾಬ್ದಾರಿ ಎಷ್ಟು ಎಂಬುದು ನಮ್ಮ ದೇಶಕ್ಕೆ ಹೊಸ ಪ್ರಶ್ನೆಯೇನಲ್ಲ. 1872ರ ಕರಾರು ಕಾಯಿದೆಯ 151ನೇ ಸೆಕ್ಷನ್ ಇದನ್ನೇ ಹೇಳುತ್ತದೆ: ಬೇರೆಯವರ ವಸ್ತು ಇಟ್ಟುಕೊಂಡವನು, ಬುದ್ಧಿಯಿರುವ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕು. ಲಾಂಡ್ರಿಗೆ ಕೊಟ್ಟ ರೇಷ್ಮೆ ಸೀರೆ ಕಳುವಾದರೆ, ಅಂಗಡಿಯವನು ರಾತ್ರಿ ಬೀಗ ಹಾಕಿದ್ದನೋ ಇಲ್ಲವೋ ಎಂದು ಕೇಳುತ್ತೇವೆ. ಬೀಗ ಹಾಕಿದ್ದೂ ಕಳ್ಳ ಒಡೆದು ಒಯ್ದಿದ್ದರೆ ಒಂದು ಮಾತು. ಬಾಗಿಲು ತೆರೆದಿಟ್ಟು ಮನೆಗೆ ಹೋಗಿದ್ದರೆ ಇನ್ನೊಂದು ಮಾತು. ಕಳ್ಳ ಇಬ್ಬರ ಅಂಗಡಿಗೂ ಬಂದ, ಆದರೆ ಇಬ್ಬರ ಹೊಣೆ ಒಂದೇ ಅಲ್ಲ.

ಸರಿ, ಆಟದ ಮನೆಗೆ ಬರೋಣ. ಈ ಬಗೆಯ ಕಳವುಗಳಲ್ಲಿ ಪ್ರಪಂಚಕ್ಕೆಲ್ಲ ಗೊತ್ತಾದದ್ದು ಸೋನಿ ಕಂಪನಿಯ ಪ್ಲೇಸ್ಟೇಷನ್ ನೆಟ್‌ವರ್ಕ್‌ನದು. 2011ರ ಏಪ್ರಿಲ್‌ನಲ್ಲಿ ಅದರ ಸುಮಾರು 7 ಕೋಟಿ 70 ಲಕ್ಷ ಖಾತೆಗಳ ವಿವರ ಕಳ್ಳರ ಪಾಲಾಯಿತು. ಹೆಸರು, ವಿಳಾಸ, ಇ-ಮೇಲ್, ಹುಟ್ಟಿದ ದಿನ ಎಲ್ಲವೂ ಅದರಲ್ಲಿತ್ತು. ಏಪ್ರಿಲ್ 20ರಂದು ನೆಟ್‌ವರ್ಕ್ ಮುಚ್ಚಿತು. ಏನಾಗಿದೆ ಎಂದು ಗ್ರಾಹಕರಿಗೆ ಹೇಳಿದ್ದು 26ರಂದು! ಆ ಆರು ದಿನ ಮಕ್ಕಳೂ ದೊಡ್ಡವರೂ 'ಸರ್ವರ್ ಕೆಟ್ಟಿದೆ' ಎಂದುಕೊಂಡು ಕಾದರು. ಮೇ 1ರಂದು ಟೋಕಿಯೋದಲ್ಲಿ ಕಜುವೊ ಹಿರಾಯ್ ಮತ್ತು ಇನ್ನಿಬ್ಬರು ಅಧಿಕಾರಿಗಳು ಪತ್ರಕರ್ತರ ಮುಂದೆ ತಲೆಬಾಗಿ ಕ್ಷಮೆ ಕೇಳಿದರು. ಅದೇ ಸಭೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಕಳ್ಳರು ನುಗ್ಗಿದ ತೂತು ಹೊಸದಾಗಿರಲಿಲ್ಲ. ಆ ತಂತ್ರಾಂಶದ ದೋಷ ಈ ಕ್ಷೇತ್ರದಲ್ಲಿ ಮೊದಲೇ ತಿಳಿದಿದ್ದದ್ದು, ಕಂಪನಿಯ ಆಡಳಿತಕ್ಕೆ ಮಾತ್ರ ತಿಳಿದಿರಲಿಲ್ಲವಂತೆ.

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ತಪ್ಪು ಯಾರದು ಎಂಬುದು ತೀರ್ಮಾನವಾಗುವುದು ಇಂಥ ವಿವರಗಳಲ್ಲೇ. ಯಾವ ತಂತ್ರಾಂಶವೂ ತೂತಿಲ್ಲದೆ ಹುಟ್ಟುವುದಿಲ್ಲ. ತೂತು ಪತ್ತೆಯಾದಾಗ ಅದನ್ನು ತಯಾರಿಸಿದವರು ಒಂದು ತೇಪೆ ಕಳಿಸುತ್ತಾರೆ. ಆ ತೇಪೆ ಹಚ್ಚುವ ಕೆಲಸ ಬಳಸುವ ಕಂಪನಿಯದು. ಆದರೆ ತೇಪೆ ಬಂದ ದಿನವೇ ತೂತು ಎಲ್ಲಿದೆ ಎಂಬುದು ಕಳ್ಳರಿಗೂ ಗೊತ್ತಾಗುತ್ತದೆ. ಹಾಗಾಗಿ ತಡಮಾಡುವ ಒಂದೊಂದು ದಿನವೂ ಕಳ್ಳನಿಗೆ ಕೊಟ್ಟ ರಜಾದಿನ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2013ರ ಜನವರಿಯಲ್ಲಿ ಸೋನಿಯ ಯುರೋಪ್ ಶಾಖೆಗೆ ಎರಡೂವರೆ ಲಕ್ಷ ಪೌಂಡ್ ದಂಡ ಹಾಕಿತು. ತಂತ್ರಾಂಶವನ್ನು ಕಾಲಕಾಲಕ್ಕೆ ಸರಿಪಡಿಸಿಕೊಂಡಿದ್ದರೆ ಈ ದಾಳಿ ತಡೆಯಬಹುದಿತ್ತು ಎಂಬುದೇ ಅದರ ಮುಖ್ಯ ಕಾರಣ.

ಪಾಸ್‌ವರ್ಡ್ ವಿಷಯವೂ ಹಾಗೆಯೇ. ನೆಟ್ಟಗಿರುವ ಕಂಪನಿ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಟ್ಟುಕೊಳ್ಳುವುದಿಲ್ಲ, ರುಬ್ಬಿ ಇಡುತ್ತದೆ. ರುಬ್ಬಿದ ಇಡ್ಲಿ ಹಿಟ್ಟಿನಿಂದ ಅಕ್ಕಿ ಉದ್ದು ಮರಳಿ ಬರುವುದುಂಟೆ? ಹಾಗೆ. ನೀವು ಮತ್ತೆ ಬಂದು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ರುಬ್ಬಿ, ಎರಡು ಹಿಟ್ಟೂ ಒಂದೇ ಇದೆಯೇ ಎಂದು ನೋಡುತ್ತದೆ. ಕಳ್ಳನೂ ಬುದ್ಧಿವಂತ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡುಗಳನ್ನೆಲ್ಲ ಮೊದಲೇ ರುಬ್ಬಿಟ್ಟುಕೊಂಡು ಹೋಲಿಸುತ್ತಾನೆ. ಅದಕ್ಕಾಗಿ ಕಂಪನಿ ಪ್ರತಿಯೊಬ್ಬರ ಹಿಟ್ಟಿಗೂ ಬೇರೆ ಬೇರೆ ಬೆರಕೆ ಸೇರಿಸಬೇಕು. ಆ ಬೆರಕೆಗೆ ಕಂಪ್ಯೂಟರಿನವರ ಭಾಷೆಯಲ್ಲಿ ಹೆಸರೇನು ಗೊತ್ತೆ? ಸಾಲ್ಟ್, ಅಂದರೆ ಉಪ್ಪು! ತಮಾಷೆಯಲ್ಲ, ನಿಜ.

ಅಮೆರಿಕದಲ್ಲಿ ಗ್ರಾಹಕರು ಸೋನಿ ಮೇಲೆ ದಾವೆ ಹೂಡಿದರು. 2012ರಲ್ಲಿ ನ್ಯಾಯಾಧೀಶರು ಅದರಲ್ಲಿ ಬಹುಪಾಲನ್ನು ತಳ್ಳಿಹಾಕಿದರು. 'ನಮ್ಮ ಭದ್ರತೆ ಪರಿಪೂರ್ಣವಲ್ಲ' ಎಂದು ಕಂಪನಿ ತನ್ನ ಗೋಪ್ಯತೆಯ ನಿಯಮಗಳಲ್ಲಿ ಮೊದಲೇ ಬರೆದಿತ್ತಂತೆ. ನಾವೆಲ್ಲ ಓದದೇ 'ಒಪ್ಪಿದೆ' ಎಂದು ಒತ್ತುವ ಆ ಉದ್ದನೆಯ ಕಾಗದವನ್ನು ನೆನೆಸಿಕೊಳ್ಳಿ. ಕೊನೆಗೆ 2014ರಲ್ಲಿ ಒಂದೂವರೆ ಕೋಟಿ ಡಾಲರಿನ ರಾಜಿಯಾಯಿತು, ಅದರಲ್ಲೂ ಹೆಚ್ಚಿನದು ಆಟಗಳು ಮತ್ತು ಚಂದಾ ರೂಪದಲ್ಲಿ. ಮನೆ ದೋಚಿಸಿಕೊಂಡವರಿಗೆ ಗೊಂಬೆ ಕೊಟ್ಟು ಕಳಿಸಿದ ಹಾಗೆ.

ಇದೆಲ್ಲ ದೂರದ ಟೋಕಿಯೋ ಕಥೆ ಎನ್ನಬೇಡಿ. ನಮ್ಮ ನುಂಗಂಬಾಕ್ಕಂಗೇ ಬನ್ನಿ. ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಕೇಂದ್ರ ಕಚೇರಿ ಇರುವುದು ಚೆನ್ನೈಯಲ್ಲೇ. ಈ ನಗರದ ಕನ್ನಡಿಗರ ಮನೆಗಳಲ್ಲೂ ಅದರ ಪಾಲಿಸಿ ಎಷ್ಟೋ ಇರಬಹುದು. 2024ರ ಆಗಸ್ಟ್ 13ರಂದು ಅನಾಮಧೇಯನೊಬ್ಬ 'ನಿಮ್ಮ ಮಾಹಿತಿ ನನ್ನ ಹತ್ತಿರ ಇದೆ' ಎಂದು ಕಂಪನಿಯನ್ನು ಸಂಪರ್ಕಿಸಿದ. ಮರುದಿನವೇ ಕಂಪನಿ ಷೇರು ವಿನಿಮಯ ಕೇಂದ್ರಕ್ಕೆ ವಿಷಯ ತಿಳಿಸಿತು. ಸೆಪ್ಟೆಂಬರ್ 20ರಂದು ರಾಯಿಟರ್ಸ್ ಸುದ್ದಿ ಸಂಸ್ಥೆ ಒಂದು ವರದಿ ಪ್ರಕಟಿಸಿದಾಗ ಜನ ಬೆಚ್ಚಿದರು. ಟೆಲಿಗ್ರಾಂನಲ್ಲಿ ಚಾಟ್‌ಬಾಟ್ ಇಟ್ಟು, ಕೇಳಿದವರಿಗೆಲ್ಲ ಪಾಲಿಸಿ ಮತ್ತು ಕ್ಲೇಮಿನ ಕಾಗದ ಹಂಚಲಾಗುತ್ತಿತ್ತು. ಹೆಸರು, ಫೋನು, ವಿಳಾಸದ ಜೊತೆ ಗುರುತಿನ ಚೀಟಿಯ ನಕಲು, ರಕ್ತ ಪರೀಕ್ಷೆಯ ವರದಿ, ಯಾವ ಕಾಯಿಲೆ ಎಂಬ ವಿವರ ಸಹ! ರಾಯಿಟರ್ಸ್ ಮಾತನಾಡಿಸಿದ ಪಾಲಿಸಿದಾರರು ತಮಗೆ ಯಾವ ಸೂಚನೆಯೂ ಬಂದಿರಲಿಲ್ಲ ಎಂದರು. ಷೇರುದಾರರಿಗೆ ಒಂದೇ ದಿನದಲ್ಲಿ ಸುದ್ದಿ, ಪಾಲಿಸಿದಾರರಿಗೆ ಪತ್ರಿಕೆಯಿಂದ ಸುದ್ದಿ. ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಇದೇ.

ಹಾಗಾದರೆ ತಪ್ಪು ಯಾರದು? ಎಲ್ಲರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು. 'ಕ್ಸೆನ್‌ಜೆನ್' ಎಂಬ ಹೆಸರಿಟ್ಟುಕೊಂಡಿದ್ದ ಹ್ಯಾಕರ್, ಮೂರು ಕೋಟಿಗೂ ಹೆಚ್ಚು ಗ್ರಾಹಕರ ಮಾಹಿತಿ ತನ್ನಲ್ಲಿದೆ ಎಂದ. ಅಷ್ಟೇ ಅಲ್ಲ, ಕಂಪನಿಯ ಭದ್ರತಾ ಮುಖ್ಯಸ್ಥರೇ ಅದನ್ನು ಮಾರಿದರು ಎಂದು ಆರೋಪಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ಕಥೆ ಕೇಳಲು ರೋಚಕ. ಆದರೆ ಕಳ್ಳನ ಬಾಯಿಮಾತು ಸಾಕ್ಷಿಯಾಗುವುದಿಲ್ಲ. ಆ ಅಧಿಕಾರಿ ತನಿಖೆಗೆ ಸಹಕರಿಸುತ್ತಿದ್ದಾರೆ, ಅವರ ತಪ್ಪೇನೂ ಕಂಡುಬಂದಿಲ್ಲ ಎಂದು ಕಂಪನಿ ಆಗ ಹೇಳಿತು. ತಾನು ದುರುದ್ದೇಶದ ದಾಳಿಗೆ ಗುರಿಯಾದೆ, 68,000 ಡಾಲರ್ ಕೊಡಿ ಎಂಬ ಬೆದರಿಕೆಯೂ ಬಂದಿತ್ತು ಎಂದೂ ತಿಳಿಸಿತು. ಮದ್ರಾಸ್ ಹೈಕೋರ್ಟಿಗೆ ಹೋಗಿ ಹ್ಯಾಕರ್ ಮೇಲೆ, ಟೆಲಿಗ್ರಾಂ ಮೇಲೆ ದಾವೆ ಹೂಡಿತು. ಮಾಹಿತಿ ಹಂಚುವ ಬಾಟ್‌ಗಳನ್ನು ಭಾರತದಲ್ಲಿ ತಡೆಯಬೇಕೆಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಆದರೆ ಒಂದು ಬಾಟ್ ಮುಚ್ಚಿದರೆ ಇನ್ನೊಂದು ಏಳುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಂಗಡಿ ಕಳುವಾದಾಗ ಕಳ್ಳ ಸಿಕ್ಕರೆ ಸೀರೆ ವಾಪಸ್ ಬರಬಹುದು. ಮಾಹಿತಿ ಹಾಗಲ್ಲ, ನಕಲು ಹೋಗುತ್ತದೆ, ಅಸಲು ಅಲ್ಲೇ ಇರುತ್ತದೆ. ಕಳುವಾಯಿತು ಎಂದು ತಿಳಿಯುವುದೇ ತಡ. ಪಾಸ್‌ವರ್ಡ್ ಬದಲಾಯಿಸಬಹುದು, ಸಕ್ಕರೆ ಕಾಯಿಲೆಯ ವರದಿಯನ್ನೂ ಹುಟ್ಟಿದ ದಿನವನ್ನೂ ಬದಲಾಯಿಸಲಾಗುತ್ತದೆಯೇ?

ನನ್ನ ತೀರ್ಮಾನ ಕೇಳಿದರೆ ಹೀಗೆ ಹೇಳುತ್ತೇನೆ. ಅಪರಾಧ ಕಳ್ಳನದು, ಅದರಲ್ಲಿ ಪಾಲು ಯಾರಿಗೂ ಇಲ್ಲ. ಆದರೆ ಹೊಣೆ ಎಂಬುದು ಬೇರೆ. ಅದನ್ನು ಅಳೆಯಬೇಕಾದದ್ದು ಕೆಲವು ನೇರ ಪ್ರಶ್ನೆಗಳಿಂದ: ಬೇಕಿಲ್ಲದ ಮಾಹಿತಿ ಯಾಕೆ ಕೇಳಿದಿರಿ, ಕೆಲಸ ಮುಗಿದ ಮೇಲೂ ಯಾಕೆ ಇಟ್ಟುಕೊಂಡಿರಿ, ತೇಪೆ ಯಾವತ್ತು ಹಚ್ಚಿದಿರಿ, ನಮಗೆ ಯಾವತ್ತು ಹೇಳಿದಿರಿ?

ಗ್ರಾಹಕನದೂ ತಪ್ಪಿಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೆ ತಮಿಳುನಾಡಿನದೇ ಒಂದು ಹಳೆಯ ಪ್ರಕರಣ ಉತ್ತರ ಕೊಡುತ್ತದೆ. ತೂತುಕುಡಿಯ ಐಸಿಐಸಿಐ ಬ್ಯಾಂಕ್ ಶಾಖೆಯ ಅನಿವಾಸಿ ಗ್ರಾಹಕರೊಬ್ಬರ ಖಾತೆಯಿಂದ ನಕಲಿ ಇ-ಮೇಲ್ ಮೂಲಕ ಲಕ್ಷಾಂತರ ರೂಪಾಯಿ ಹೋಯಿತು. ನಕಲಿ ಇ-ಮೇಲ್‌ಗೆ ಉತ್ತರ ಕೊಟ್ಟದ್ದು ಅವರದೇ ಅಜಾಗರೂಕತೆ ಎಂದು ಬ್ಯಾಂಕ್ ವಾದಿಸಿತು. ಐಟಿ ಕಾಯಿದೆಯಡಿ ಇಂಥ ದೂರು ತೀರ್ಮಾನಿಸುವ ಅಧಿಕಾರ ರಾಜ್ಯದ ಐಟಿ ಕಾರ್ಯದರ್ಶಿಯದು. ಆಗ ಆ ಸ್ಥಾನದಲ್ಲಿದ್ದ ಪಿ.ಡಬ್ಲ್ಯು.ಸಿ. ಡೇವಿಡಾರ್ 2010ರ ಏಪ್ರಿಲ್‌ನಲ್ಲಿ ಬ್ಯಾಂಕಿನ ವಾದ ಒಪ್ಪದೆ, ಸುಮಾರು 12.85 ಲಕ್ಷ ರೂಪಾಯಿ ಕೊಡಲು ಆದೇಶಿಸಿದರು. ಬ್ಯಾಂಕ್ ಮೇಲ್ಮನವಿ ಹೋಯಿತು. ಅದು ಇತ್ಯರ್ಥವಾದದ್ದು 2019ರಲ್ಲಿ, ಗ್ರಾಹಕನ ಪರವಾಗಿಯೇ. ಒಂಬತ್ತು ವರ್ಷ! ಗೆದ್ದರು ಸರಿ, ಆದರೆ ನಮ್ಮಲ್ಲಿ ಎಷ್ಟು ಜನರಿಗೆ ಅಷ್ಟು ತಾಳ್ಮೆ ಇದೆ?

ಇನ್ನು ಆಟದ ಕಂಪನಿಗಳಿಗೆ ನಾವು ಮಾಹಿತಿ ಕೊಟ್ಟದ್ದು ಬರೀ ನಮ್ಮ ಆಸೆಯಿಂದಲೂ ಅಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಆಧಾರ್ ಪರಿಶೀಲನೆ ಕಡ್ಡಾಯ, ರಾತ್ರಿ 12ರಿಂದ ಬೆಳಗಿನ 5ರವರೆಗೆ ಆಟ ಬಂದ್ ಎಂದು ತಮಿಳುನಾಡು 2025ರಲ್ಲಿ ನಿಯಮ ತಂದಿತು. ಅದೇ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉದ್ದೇಶ ಒಳ್ಳೆಯದೇ, ಸಾಲ ಮಾಡಿ ಪ್ರಾಣ ಕಳೆದುಕೊಂಡವರನ್ನು ಈ ರಾಜ್ಯ ಕಂಡಿದೆ. ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯಿದೆ ಹಣದ ಆಟಗಳನ್ನೇ ನಿಷೇಧಿಸಿತು, ಬೆಂಗಳೂರಿನ ಕಂಪನಿಗಳೂ ಆ ಆಟಗಳನ್ನು ನಿಲ್ಲಿಸಿದವು. ಆಟ ನಿಂತಿತು. ಕೊಟ್ಟ ಪಾನ್ ಕಾರ್ಡ್, ಬ್ಯಾಂಕ್ ವಿವರ? ಆ ಗಂಟನ್ನು ಇನ್ನೂ ಯಾರೋ ಕಾಯುತ್ತಿರಬೇಕಲ್ಲವೇ?

ಇಲ್ಲಿ ಕಾನೂನು ಬದಲಾಗುತ್ತಿದೆ, ಗಮನವಿಟ್ಟು ಓದಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹಾಕಿದ ಅರ್ಜಿಯಿಂದಾಗಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಅದರ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪನಿಗಳ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಮಾಹಿತಿ ಸೋರಿದರೆ ಬಾಧಿತರಿಗೆ ತಡಮಾಡದೆ ತಿಳಿಸಬೇಕು. ಭದ್ರತೆಯಲ್ಲಿ ಸೋತರೆ 250 ಕೋಟಿ ರೂಪಾಯಿವರೆಗೆ ದಂಡ. 18 ತುಂಬದ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. 50 ಲಕ್ಷಕ್ಕೆ ಕಡಿಮೆಯಿಲ್ಲದ ಬಳಕೆದಾರರಿರುವ ಆಟದ ಕಂಪನಿ, ಮೂರು ವರ್ಷ ಸುಳಿಯದ ಗ್ರಾಹಕನ ಮಾಹಿತಿ ಅಳಿಸಬೇಕು.

ಕೇಳಲು ಹಿತವಾಗಿದೆ. ಆದರೆ ಆ ದಂಡದ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ, ನಿಮ್ಮ ಕೈಗಲ್ಲ. ಇಲ್ಲಿಯವರೆಗೆ, ಕಂಪನಿಯ ಅಲಕ್ಷ್ಯದಿಂದ ನಷ್ಟವಾದರೆ ಪರಿಹಾರ ಕೇಳಲು ಐಟಿ ಕಾಯಿದೆಯ 43ಎ ಎಂಬ ಸೆಕ್ಷನ್ ಇತ್ತು. ಹೊಸ ಕಾಯಿದೆ ಪೂರ್ತಿ ಜಾರಿಯಾದಾಗ ಅದನ್ನು ತೆಗೆದುಹಾಕುತ್ತದೆ. ಗಾಯ ಒಬ್ಬರಿಗೆ, ಮುಲಾಮು ಇನ್ನೊಬ್ಬರಿಗೆ. ಈ ಬಗ್ಗೆ ನಮ್ಮ ಸಂಸದರನ್ನು ಕೇಳುವವರು ಯಾಕೆ ಇಷ್ಟು ಕಡಿಮೆ ಎಂಬುದು ನನಗೆ ಅರ್ಥವಾಗದ ವಿಷಯ.

ಪೆರಂಬೂರಿನ ಅಮ್ಮನಿಗೆ ಮತ್ತು ಅಂಥ ಎಲ್ಲರಿಗೆ ಈಗ ಮಾಡಬಹುದಾದದ್ದು ಇಷ್ಟು. ಹುಡುಗ ಅದೇ ಪಾಸ್‌ವರ್ಡನ್ನು ಬೇರೆ ಕಡೆಯೂ ಇಟ್ಟಿದ್ದರೆ ಅಲ್ಲೆಲ್ಲ ಇವತ್ತೇ ಬದಲಾಯಿಸಿ. ನಿಮ್ಮ ಹೆಸರು, ಪಾಲಿಸಿ ನಂಬರು, ಕಾಯಿಲೆ ಎಲ್ಲವನ್ನೂ ಸರಿಯಾಗಿ ಹೇಳುತ್ತಾ ಯಾರಾದರೂ ಕರೆ ಮಾಡಿದರೆ, ಅಷ್ಟು ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ. ಕಂಪನಿಗೆ ಬರಹದಲ್ಲೇ ಕೇಳಿ: ನಮ್ಮದು ಏನೇನು ಹೋಗಿದೆ, ಯಾವತ್ತು ಹೋಯಿತು, ಖಾತೆ ಅಳಿಸಿದ್ದೀರಾ? ಬಂದ ಉತ್ತರವನ್ನೂ, ಬರದೇ ಇದ್ದರೆ ನೀವು ಕಳಿಸಿದ ಪತ್ರದ ನಕಲನ್ನೂ ತೆಗೆದಿಡಿ. ಹಣ ಹೋಗಿದ್ದರೆ ಬೇರೇನೂ ಯೋಚಿಸದೆ ಮೊದಲು 1930ಕ್ಕೆ ಫೋನ್ ಮಾಡಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ಬ್ಯಾಂಕ್ ಅದನ್ನು ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ.