ಫಾರ್ಗೋ ಲಾರಿ: ಬಾನೆಟ್ಟಿನ ಮೇಲಿನ ಹೆಸರು, ಬಾನೆಟ್ಟಿನ ಕೆಳಗಿನ ಸತ್ಯ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಲಾರಿ ಇಟ್ಟುಕೊಂಡಿದ್ದ ಮನೆತನಗಳಲ್ಲಿ ಹಿರಿಯರ ಮಾತು ಹಳೆಯ ಗಾಡಿಗಳತ್ತ ಹೊರಳಿದರೆ ಸಾಕು, ಮೊದಲು ಬರುವ ಹೆಸರು ಫಾರ್ಗೋ. ಅದರ ಹಿಂದೆಯೇ ಡಾಜ್. ಮುಂದೆ ಮೂತಿ ಚಾಚಿಕೊಂಡಿದ್ದ ಆ ಲಾರಿಗಳು ಕೊಬ್ಬರಿ, ಈರುಳ್ಳಿ, ಅಡಿಕೆ, ಮರದ ದಿಮ್ಮಿ ಎಲ್ಲವನ್ನೂ ಹೊತ್ತಿವೆ. ಅವುಗಳ ಬಗ್ಗೆ ಅಭಿಮಾನ ಇರಬೇಕಾದದ್ದೇ. ಆದರೆ ಆ ಅಭಿಮಾನದ ಜೊತೆ ಒಂದಷ್ಟು ತಪ್ಪು ಕಥೆಗಳೂ ಬೆಳೆದಿವೆ. ಆ ಕಥೆಗಳಲ್ಲಿ ಹೊಗಳಿಕೆಯೆಲ್ಲ ಅಮೆರಿಕಕ್ಕೆ ಸಲ್ಲುತ್ತದೆ. ಗಾಡಿಯನ್ನು ಇಲ್ಲಿ ಕಟ್ಟಿದವರು, ಓಡಿಸಿದವರು, ಉಳಿಸಿಕೊಂಡವರು ಕಾಣೆಯಾಗುತ್ತಾರೆ. ನನಗೆ ಬೇಸರ ಅದರ ಬಗ್ಗೆ.

ನಂಬಿಕೆ: ಡಾಜ್, ಫಾರ್ಗೋ, ಡಿಸೋಟೊ ಮೂರೂ ಬೇರೆ ಬೇರೆ ಕಂಪನಿಗಳು. ಮೂರರಲ್ಲಿ ಫಾರ್ಗೋ ಹೆಚ್ಚು ಗಟ್ಟಿ.

ಮೂರೂ ಒಂದೇ ಮನೆಯವು. ಜಾನ್ ಮತ್ತು ಹೊರೇಸ್ ಡಾಜ್ ಎಂಬ ಅಣ್ಣತಮ್ಮಂದಿರು ಡೆಟ್ರಾಯಿಟ್‌ನಲ್ಲಿ ಯಂತ್ರಭಾಗ ಮಾಡುವ ಕಾರ್ಖಾನೆ ಇಟ್ಟುಕೊಂಡು, 1903ರಿಂದ ಹೆನ್ರಿ ಫೋರ್ಡ್‌ಗೆ ಎಂಜಿನ್ ಮೊದಲಾದ ಭಾಗಗಳನ್ನು ಪೂರೈಸುತ್ತಿದ್ದರು. 1914ರಲ್ಲಿ ತಮ್ಮದೇ ಹೆಸರಿನ ಕಾರು ಹೊರತಂದರು. 1920ರಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. 1928ರಲ್ಲಿ ಅವರ ಕಂಪನಿಯನ್ನು ವಾಲ್ಟರ್ ಕ್ರೈಸ್ಲರ್ ಕೊಂಡುಕೊಂಡ. ಅದೇ ವರ್ಷ ಕ್ರೈಸ್ಲರ್ ಕಂಪನಿ ಫಾರ್ಗೋ, ಡಿಸೋಟೊ ಎಂಬ ಹೆಸರುಗಳನ್ನೂ ಪೇಟೆಗೆ ಬಿಟ್ಟಿತು. ಕ್ರೈಸ್ಲರ್‌ನ ಎಲ್ಲ ಡೀಲರುಗಳ ಬಳಿಯೂ ಡಾಜ್ ಇರಲಿಲ್ಲ. ಡಾಜ್ ಇಲ್ಲದ ಡೀಲರಿಗೂ ಮಾರಲು ಒಂದು ಲಾರಿ ಬೇಕಿತ್ತು. ಹಾಗಾಗಿ ಮುಂದೆ ರಫ್ತಿನ ಪೇಟೆಗಳಲ್ಲಿ ಅದೇ ಡಾಜ್ ಲಾರಿಗೆ ಬೇರೆ ಫಲಕ ಹೊಡೆದು ಫಾರ್ಗೋ ಅಂದರು, ಡಿಸೋಟೊ ಅಂದರು. ಒಂದೇ ಪಾತ್ರೆಯ ಸಾರನ್ನು ಮೂರು ಲೋಟಕ್ಕೆ ಬಗ್ಗಿಸಿದ ಹಾಗೆ.

ಹಾಗಾದರೆ ‘ನಮ್ಮ ಫಾರ್ಗೋ ಓಡಿದಷ್ಟು ಅವರ ಡಾಜ್ ಓಡಲಿಲ್ಲ’ ಎನ್ನುವ ಓನರುಗಳ ಅನುಭವ ಸುಳ್ಳೇ? ಅನುಭವ ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ಸರಿಯಲ್ಲ. ಯಾವ ವರ್ಷದ ಚಾಸಿ, ಪೆಟ್ರೋಲ್ ಎಂಜಿನ್ನೋ ಡೀಸೆಲ್ಲೋ, ಬಾಡಿ ಕಟ್ಟಿದ ಮೇಸ್ತ್ರಿ ಯಾರು, ದಿನವೂ ಎಷ್ಟು ಲೋಡು ಬಿತ್ತು, ಡ್ರೈವರ್ ಗೇರನ್ನು ಹೇಗೆ ಹಾಕುತ್ತಿದ್ದ, ಇವೇ ಗಾಡಿಯ ಆಯುಸ್ಸನ್ನು ತೀರ್ಮಾನಿಸಿದವು. ಆ ಕಾಲದಲ್ಲಿ ಲಾರಿ ಬರುತ್ತಿದ್ದದ್ದು ಬರೀ ಚಾಸಿಯಾಗಿ. ಎಂಜಿನ್ನು, ಅದರ ಮೂತಿ, ಸ್ಟೇರಿಂಗು ಇಷ್ಟೇ. ಕ್ಯಾಬಿನ್ನನ್ನೂ ಹಿಂದಿನ ಬಾಡಿಯನ್ನೂ ಮರ ಕೊಯ್ದು ಕಟ್ಟಿದವರು ನಮ್ಮ ಬಡಗಿಗಳು. ಮಲೆನಾಡಿನ ಸೆರಗಿನಲ್ಲಿದ್ದ ತರೀಕೆರೆಯಂಥ ಊರಿಗೆ ಮರದ ಗುಣ ಹೇಳಿಕೊಡಬೇಕಿರಲಿಲ್ಲ.

ನಂಬಿಕೆ: ಅವೆಲ್ಲ ಅಮೆರಿಕದಲ್ಲೇ ತಯಾರಾಗಿ ಹಡಗಿನಲ್ಲಿ ಇಳಿದ ಗಾಡಿಗಳು.

ಹಡಗಿನಲ್ಲಿ ಬಂದದ್ದು ನಿಜ, ಆದರೆ ಬಹುಪಾಲು ಬಿಡಿಭಾಗಗಳ ಪೆಟ್ಟಿಗೆಯಾಗಿ. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸಲು ಶುರು ಮಾಡಿತ್ತು. ಫೋರ್ಡ್ ಕೂಡ ಅದೇ ಕಾಲಕ್ಕೆ ಇಲ್ಲಿ ಜೋಡಣೆಗೆ ಇಳಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಬಿಟ್ಟ ಡಿಸ್ಪೋಸಲ್ ಲಾರಿಗಳನ್ನೂ ಜನ ಅಮೆರಿಕದವೆಂದೇ ಕರೆದರು. ಅವುಗಳಲ್ಲಿ ಎಷ್ಟೋ ಲಾರಿಗಳು ಕೆನಡಾದಲ್ಲಿ ತಯಾರಾದವು. ಯುದ್ಧಕ್ಕೆಂದು ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಾರ್ಖಾನೆಗಳು ಒಂದೇ ಮಾದರಿಯ ನಾಲ್ಕು ಲಕ್ಷಕ್ಕೂ ಹೆಚ್ಚು ವಾಹನ ಮಾಡಿದ್ದವು, ಭಾರತೀಯ ಸೈನ್ಯಕ್ಕೂ ಅವು ಬಂದಿದ್ದವು.

ಡಾಜ್–ಫಾರ್ಗೋ ವಿಷಯಕ್ಕೆ ಬಂದರೆ, ವಾಲಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು 1947ರಲ್ಲಿ ಮುಂಬಯಿಯ ಕುರ್ಲಾದಿಂದ ಡಾಜ್ ಲಾರಿ, ಪ್ಲಿಮತ್ ಕಾರುಗಳನ್ನು ಹೊರತಂದಿತು. ಮೊದಮೊದಲು ಜೋಡಣೆ ಅಷ್ಟೇ. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು. ಡೀಸೆಲ್ ಫಾರ್ಗೋ ಕಥೆ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಕೂತಿದ್ದ ಆರು ಸಿಲಿಂಡರಿನ, 4.73 ಲೀಟರಿನ ಪರ್ಕಿನ್ಸ್ ಪಿ6 ಎಂಜಿನ್ ಇಂಗ್ಲೆಂಡಿನವರ ವಿನ್ಯಾಸ. ಅದನ್ನು ಇಲ್ಲಿ ತಯಾರಿಸಿದ್ದು ಮದರಾಸಿನ ಸಿಂಪ್ಸನ್ ಕಂಪನಿ. ಅಂದರೆ ‘ಅಮೆರಿಕದ ಎಂಜಿನ್ನಿನ ಸದ್ದೇ ಬೇರೆ’ ಎಂದು ಎಷ್ಟೋ ಜನ ಮೆಚ್ಚಿದ ಆ ಸದ್ದು ಮದರಾಸಿನದು.

ನಂಬಿಕೆ: ಕುರ್ಲಾದ ಈ ಲಾರಿ ಕಾರ್ಖಾನೆ ಮೈಸೂರು ಸೀಮೆಗೇ ಬರಬೇಕಿತ್ತು. ನಮ್ಮವರ ಉದಾಸೀನದಿಂದ ಮುಂಬಯಿ ಪಾಲಾಯಿತು.

ಮೊದಲ ಮಾತು ನಿಜಕ್ಕೆ ಬಹಳ ಹತ್ತಿರ. ಎರಡನೆಯದು ದೊಡ್ಡ ಅನ್ಯಾಯದ ಮಾತು, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಭಾರತದಲ್ಲಿ ಮೋಟಾರು ವಾಹನ ತಯಾರಾಗಬೇಕೆಂದು ಪಟ್ಟು ಹಿಡಿದು ಕೂತವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ಹದಿನೈದು ವರ್ಷಗಳ ಮೇಲಾಗಿತ್ತು, ವಯಸ್ಸು ಎಪ್ಪತ್ತು ದಾಟಿತ್ತು. 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಬಂಡವಾಳ ಹೂಡಲು ಮುಂದೆ ಬಂದವರು ವಾಲಚಂದ್. ಆಗ ಮುಂಬಯಿ ಪ್ರಾಂತದಲ್ಲಿದ್ದ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ನೆರವಿಗೆ ಒಪ್ಪಿತ್ತು. 1939ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು, ಆ ಬಾಗಿಲು ಮುಚ್ಚಿತು. ಆಗ ಯೋಜನೆ ಮೈಸೂರಿನತ್ತ ತಿರುಗಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅದನ್ನು ಸ್ವಾಗತಿಸಿದರು, ಸಂಸ್ಥಾನವೇ ಪಾಲುದಾರನಾಗಲು ಸಿದ್ಧವಿತ್ತು. ಕ್ರೈಸ್ಲರ್ ಜೊತೆ ಮಾತುಕತೆಯೂ ನಡೆದಿತ್ತು.

ತಡೆದದ್ದು ದೆಹಲಿಯ ಬ್ರಿಟಿಷ್ ಸರ್ಕಾರ. ಯುದ್ಧಕಾಲದಲ್ಲಿ ಲಾರಿಯ ಹಸಿವು ಆಕಾಶಕ್ಕೇರಿದ್ದಾಗಲೇ, ಲಾರಿ ಮಾಡುತ್ತೇವೆ ಎಂದು ಬಂದವರಿಗೆ ಅದು ಒಪ್ಪಿಗೆ ಕೊಡಲಿಲ್ಲ. ಮೈಸೂರು ದೇಶೀ ಸಂಸ್ಥಾನವಾದ್ದರಿಂದ ಅದರ ಮೇಲೂ ಒತ್ತಡ ಬಂತು. ಅದೇ ವಾಲಚಂದ್, ಅದೇ ಮೈಸೂರು ಸರ್ಕಾರ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಇವತ್ತಿನ ಎಚ್‌ಎಎಲ್ ಅದೇ. ವಿಮಾನದ ಕಾರ್ಖಾನೆ ಕಟ್ಟಬಲ್ಲ ಜನ ಲಾರಿಯ ಕಾರ್ಖಾನೆಯನ್ನು ಉದಾಸೀನದಿಂದ ಕಳೆದುಕೊಂಡರು ಎನ್ನುವುದನ್ನು ನಾನಂತೂ ಒಪ್ಪಲಾರೆ. ಬೆಂಗಳೂರಿನಲ್ಲಿ ಆ ಕಾರ್ಖಾನೆ ಎದ್ದಿದ್ದರೆ ಅದರ ಸುತ್ತ ಎರಕದ ಕೆಲಸ, ಸ್ಪ್ರಿಂಗು, ಗೇರು ಮಾಡುವ ನೂರಾರು ಸಣ್ಣ ಘಟಕಗಳು ಬರುತ್ತಿದ್ದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆಗಲೇ ನಡೆಯುತ್ತಿತ್ತು, ಅದಕ್ಕೆ ಅದಿರು ಹೋಗುತ್ತಿದ್ದದ್ದು ಇದೇ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ನಮ್ಮ ಸೀಮೆ ಕಳೆದುಕೊಂಡದ್ದು ಎಷ್ಟು ಎಂದು ಆಗ ಅರ್ಥವಾಗುತ್ತದೆ.

ನಂಬಿಕೆ: ಲಾರಿ ಬರುವ ತನಕ ಇಲ್ಲಿನ ಮಾಲು ಹೊರಗೆ ಹೋಗುತ್ತಲೇ ಇರಲಿಲ್ಲ.

ಹೋಗುತ್ತಿತ್ತು. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿ ಕಡೂರು, ಬೀರೂರು, ಅಜ್ಜಂಪುರವನ್ನು ಹಾದು ಹೋಗುತ್ತದೆ. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಕವಲು 1899ರಲ್ಲಿ ತೆರೆಯಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಒಂದು ಕಿರಿದಾದ ಹಳಿ ಇತ್ತು. ಅದಕ್ಕೂ ಹಿಂದೆ, ಮೈಸೂರಿನ ದೊರೆಗಳ ಫಿರಂಗಿಗಳನ್ನು ಎಳೆದ ಅಮೃತಮಹಲ್ ಎತ್ತುಗಳ ಸೀಮೆ ಇದು. ಆ ತಳಿಯ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಲಾರಿ ಮಾಡಿದ ಕೆಲಸ ಬೇರೆ. ಹಳಿ ಮುಟ್ಟದ ಹಳ್ಳಿಯ ಕಣದಿಂದ ನೇರವಾಗಿ ಮಂಡಿಯ ಬಾಗಿಲಿಗೆ ಮಾಲು ತಂದು ಹಾಕಿತು. ಈರುಳ್ಳಿಯಂಥ ಬೇಗ ಕೊಳೆಯುವ ಬೆಳೆಗೆ ಇದು ಸಣ್ಣ ಬದಲಾವಣೆಯಲ್ಲ.

ನಂಬಿಕೆ: ಅಮೆರಿಕದ ಕಬ್ಬಿಣ, ಎಷ್ಟು ಹೇರಿದರೂ ಜಗ್ಗುತ್ತಿರಲಿಲ್ಲ.

ಜಗ್ಗುತ್ತಿತ್ತು. ಜಗ್ಗದ ಹಾಗೆ ಮಾಡಿದವರು ಇದ್ದರು. ಓನರುಗಳು ಕಮಾನಿಗೆ ಹೆಚ್ಚಿನ ಪಟ್ಟಿ ಸೇರಿಸಿದರು, ಚಾಸಿಗೆ ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು ರಿವೆಟ್ ಹೊಡೆಸಿದರು. ಆದರೆ ಭಾರ ಎಲ್ಲಿಗೂ ಮಾಯವಾಗುವುದಿಲ್ಲ. ಚಾಸಿ ಗಟ್ಟಿಯಾದರೆ ಹೊಡೆತ ಹಿಂದಿನ ಆಕ್ಸಲ್ಲಿಗೆ, ಬೇರಿಂಗಿಗೆ, ಟೈರಿಗೆ ಬೀಳುತ್ತದೆ. ಘಾಟಿಯಲ್ಲಿ ಆಕ್ಸಲ್ ಮುರಿದು ನಿಂತರೆ ಕ್ಲೀನರ್ ಗಾಡಿ ಕಾಯಬೇಕು, ಡ್ರೈವರ್ ಸಿಕ್ಕ ಬಸ್ಸು ಹತ್ತಿ ಸಾಮಾನು ತರಬೇಕು.

ಈ ಗಾಡಿಗಳಿಗೆ ನಿಜವಾದ ಗುಣಗಳಿದ್ದವು. ಪೆಟ್ರೋಲಿನ ಹಳೆಯ ಎಂಜಿನ್ ಸೈಡ್ ವಾಲ್ವಿನದು. ಒಳಗಿನ ಒತ್ತಡ ಕಡಿಮೆ, ಆದ್ದರಿಂದ ಕಳಪೆ ಪೆಟ್ರೋಲನ್ನೂ ಸಹಿಸಿಕೊಳ್ಳುತ್ತಿತ್ತು. ಹೆಡ್ ಬಿಚ್ಚಿ ಮಸಿ ಕೆರೆದು ವಾಲ್ವು ಉಜ್ಜಿ ಕೂರಿಸುವುದನ್ನು ಸಣ್ಣ ಊರಿನ ಮೇಸ್ತ್ರಿಯೂ ಮಾಡುತ್ತಿದ್ದ. ಅವಗುಣಗಳೂ ಇದ್ದವು. ಕುಡಿತ ಜಾಸ್ತಿ. ಬೇಸಗೆಯಲ್ಲಿ ಏರು ಹತ್ತುವಾಗ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ನಿಂತುಬಿಡುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದ ಮೇಲೆಯೇ ಮುಂದಿನ ಮಾತು. ಗೇರ್ ಹಾಕಲು ಡಬಲ್ ಕ್ಲಚ್ ಬೇಕು: ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಎಂಜಿನ್ನಿನ ವೇಗ ಹೊಂದಿಸಿ, ಮತ್ತೆ ಒತ್ತಿ ಗೇರು. ಇಲ್ಲದಿದ್ದರೆ ಹಲ್ಲು ಕಡಿಯುವ ಸದ್ದು ಊರಿಗೇ ಕೇಳಿಸುತ್ತಿತ್ತು.

ಇಳಿಜಾರು ಇನ್ನೂ ಕಠಿಣ. ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿಗೆ ಲೋಡು ಹೊತ್ತು ಇಳಿಯುವಾಗ ಬ್ರೇಕನ್ನೇ ನಂಬಿದರೆ ಡ್ರಮ್ಮು ಕಾದು ಹಿಡಿತ ಸಡಿಲುತ್ತದೆ. ಹತ್ತಲು ಯಾವ ಗೇರೋ ಇಳಿಯಲೂ ಅದೇ ಗೇರು, ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಇದನ್ನು ಯಾವ ಕಂಪನಿಯ ಪುಸ್ತಕವೂ ಕನ್ನಡದಲ್ಲಿ ಕಲಿಸಲಿಲ್ಲ. ಕ್ಲೀನರಾಗಿ ಸೇರಿದ ಹುಡುಗ ಪಕ್ಕದಲ್ಲಿ ಕೂತು ಕಲಿತ, ಮುಂದೆ ಇನ್ನೊಬ್ಬ ಹುಡುಗನಿಗೆ ಕಲಿಸಿದ. ಗಾಡಿಗಳು ಮೂವತ್ತು ವರ್ಷ ಬಾಳಿದ್ದರೆ ಅದರ ಅರ್ಧದಷ್ಟು ಕೀರ್ತಿಯಾದರೂ ಆ ಹುಡುಗರಿಗೆ ಸಲ್ಲಬೇಕು.

ನಂಬಿಕೆ: ಟಾಟಾದವರು ಬಂದು ಅಮೆರಿಕದ ಲಾರಿಯನ್ನು ಓಡಿಸಿಬಿಟ್ಟರು.

ಟಾಟಾ ಲಾರಿಯನ್ನು ನಮ್ಮ ಜನ ಬಹಳ ವರ್ಷ ಕರೆದದ್ದೇ ‘ಬೆಂಜ್’ ಎಂದು. ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದಲ್ಲಿ 1954ರಲ್ಲಿ ಜಮ್ಶೆಡ್‌ಪುರದಿಂದ ಹೊರಬಂದ ಲಾರಿ ಅದು. ಆ ಒಪ್ಪಂದ 1969ರವರೆಗೂ ಇತ್ತು. ಅಮೆರಿಕದ ಕಂಪನಿಗಳು ಹೋದದ್ದಕ್ಕೆ ಮೊದಲ ಕಾರಣ ಸರ್ಕಾರದ ನೀತಿ. ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸುವವರು ಕೆಲಸ ಮುಚ್ಚಬೇಕೆಂದು 1953ರಲ್ಲಿ ಟ್ಯಾರಿಫ್ ಕಮಿಷನ್ ಶಿಫಾರಸು ಮಾಡಿತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ 1954ರ ಹೊತ್ತಿಗೆ ಗಂಟುಮೂಟೆ ಕಟ್ಟಿದವು. ಕುರ್ಲಾದ ಕಾರ್ಖಾನೆ ತಯಾರಿಕೆಗೆ ಇಳಿದಿದ್ದರಿಂದ ಡಾಜ್, ಫಾರ್ಗೋ ಉಳಿದವು.

ಅವು ಆಮೇಲೆ ಸೋತದ್ದು ಡೀಸೆಲ್ಲಿನ ಮುಂದೆ. ಡಾಜ್ ಹುಟ್ಟಿದ್ದೇ ಪೆಟ್ರೋಲಿಗೆ. ಅದಕ್ಕೆ ಹೊರಗಿನ ಡೀಸೆಲ್ ಎಂಜಿನ್ ತಂದು ಕೂರಿಸಿದರು. ಬೆಂಜ್ ಲಾರಿಯ ಎಂಜಿನ್ನು, ಗೇರ್ ಬಾಕ್ಸು, ಆಕ್ಸಲ್ಲು ಮೂರೂ ಒಂದಕ್ಕೊಂದು ಹೊಂದುವಂತೆ ಒಂದೇ ಮನೆಯಲ್ಲಿ ರೂಪಗೊಂಡಿದ್ದವು. ಲೀಟರಿಗೆ ಎಷ್ಟು ಮೈಲಿ, ಸಾಮಾನು ಯಾವ ಊರಲ್ಲಿ ಸಿಗುತ್ತದೆ ಎಂದು ಲೆಕ್ಕ ಹಾಕುವ ಓನರಿಗೆ ಅಭಿಮಾನಕ್ಕಿಂತ ಬಾಡಿಗೆಯ ಉಳಿಕೆ ಮುಖ್ಯ. ಕೊನೆಗೆ ಕುರ್ಲಾದ ಲಾರಿಯ ಮೂತಿಯ ಮೇಲೆ ‘ಪ್ರೀಮಿಯರ್’ ಎಂಬ ಹೆಸರೇ ಬಂತು. ಕೆನಡಾದಲ್ಲೂ 1972ಕ್ಕೆ ಫಾರ್ಗೋ ಹೆಸರು ನಿಂತಿತು. ಅದು ಬಹಳ ಕಾಲ ಬದುಕಿದ್ದು ಟರ್ಕಿಯಲ್ಲಿ, ಅಲ್ಲೂ ಅಲ್ಲಿನವರೇ ತಯಾರಿಸಿದ ಲಾರಿಯ ಮೇಲೆ.

ನಂಬಿಕೆ: ಹಿತ್ತಿಲಲ್ಲಿ ನಿಂತಿರುವ ಹಳೆಯ ಫಾರ್ಗೋವನ್ನು ವಿಂಟೇಜ್ ಎಂದು ನೋಂದಾಯಿಸಬಹುದು.

2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಸ್ವಂತ ಬಳಕೆಯ ವಾಹನಗಳಿಗೆ. ಮೂಲ ರೂಪದಲ್ಲೇ ಇರಬೇಕು, ಬಾಡಿಗೆ ದುಡಿಯುವಂತಿಲ್ಲ. ಆರು ಚಕ್ರದ ಸರಕಿನ ಲಾರಿ ಅದರಡಿ ಬರುವುದಿಲ್ಲ. ನಮ್ಮ ಕಡೆಯ ಫಾರ್ಗೋಗಳಲ್ಲಿ ಮೂಲ ಎಂಜಿನ್ ಉಳಿದಿರುವುದೂ ಅಪರೂಪ. ಹಾಗೆಂದು ಗುಜರಿಗೆ ಹಾಕುವ ಅವಸರ ಬೇಡ. ಹಳೆಯ ಆರ್‌ಸಿ ಪುಸ್ತಕ ಇದ್ದರೆ ತೆಗೆದು ನೋಡಿ, ತಯಾರಕರ ಹೆಸರು, ವರ್ಷ, ಚಾಸಿ ನಂಬರು ಅದರಲ್ಲಿರುತ್ತವೆ. ಎಂಜಿನ್ನಿನ ಮೈಮೇಲಿನ ಫಲಕವನ್ನು ಒರೆಸಿದರೆ ಪರ್ಕಿನ್ಸ್ ಹೆಸರು ಕಾಣಬಹುದು. ಫೋಟೊ ತೆಗೆದಿಟ್ಟುಕೊಳ್ಳಿ. ಆ ಗಾಡಿ ಓಡಿಸಿದ ಡ್ರೈವರ್, ಬಾಡಿ ಕಟ್ಟಿದ ಬಡಗಿ ಇನ್ನೂ ಇದ್ದರೆ ಅವರ ಮಾತನ್ನು ಈ ವರ್ಷವೇ ರೆಕಾರ್ಡ್ ಮಾಡಿಕೊಳ್ಳಿ. ಡಾಜ್ ಕಂಪನಿಯ ಚರಿತ್ರೆ ಬರೆದವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರದ ರಸ್ತೆಗಳಲ್ಲಿ ಆ ಲಾರಿ ದುಡಿದ ಕಥೆಯನ್ನು ಇಲ್ಲಿಯವರೇ ಬರೆಯಬೇಕು.